ಸಾಲ ಪರಿಹಾರಕ್ಕೆ ಮನೆ ಬಜೆಟ್: ಹಾಳೆಯಲ್ಲಿ ಕೊರತೆ 1,100, ಮನೆಯವರು ಹೇಳುವ ಕೊರತೆ ನಾಲ್ಕೈದು ಸಾವಿರ. ಎಲ್ಲಿ ತಪ್ಪಿದೆ?

ಸಂಘದ_ಲೆಕ್ಕಪತ್ರ:

ದೊಡ್ಡಬಳ್ಳಾಪುರದ ಒಂದು ಸ್ವಸಹಾಯ ಸಂಘದಲ್ಲಿ ಸಾಲ ಮೈಮೇಲೆ ಬಂದಿರುವ ಮನೆಗಳಿಗೆ ಬಜೆಟ್ ಬರೆದುಕೊಡುತ್ತಿದ್ದೇವೆ. ಕಂತು ಇಳಿಸಿಕೊಡಿ ಎಂದು ಬ್ಯಾಂಕಿಗೆ ಹೋಗುವಾಗ ಈ ಹಾಳೆ ಜೊತೆಗಿರಬೇಕು. ಒಂದು ಮನೆಯ ಲೆಕ್ಕ ಮಾತ್ರ ಕೂಡಿಬರುತ್ತಿಲ್ಲ. ಗುರುತು ತೆಗೆದು ಅಂಕಿಗಳನ್ನಷ್ಟೇ ಹಾಕಿದ್ದೇನೆ.

ಮನೆಯಲ್ಲಿ ಐವರು: ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಹೆಂಡತಿಯ ತಾಯಿ. ಗಂಡನದು ವೆಲ್ಡಿಂಗ್ ಕೆಲಸ. ಕಳೆದ ಆರು ತಿಂಗಳಲ್ಲಿ ಬಂದದ್ದು 21,000, 17,500, 19,000, 12,500, 16,000, 20,000. ಸರಾಸರಿ 17,700 ಹಿಡಿದಿದ್ದೇವೆ. ಹೆಂಡತಿ ಗಾರ್ಮೆಂಟ್ಸ್‌ನಲ್ಲಿ, ಪಿಎಫ್ ಮತ್ತು ಇಎಸ್‌ಐ ಕಳೆದು ಕೈಗೆ 11,800. ಗೃಹಲಕ್ಷ್ಮಿ 2,000. ಒಟ್ಟು 31,500.

ಖರ್ಚು: ಬಾಡಿಗೆ 6,000, ದಿನಸಿ-ತರಕಾರಿ 5,000, ಹಾಲು 1,200, ಗ್ಯಾಸ್ 900, ಕರೆಂಟ್ ಇಲ್ಲ (ಗೃಹಜ್ಯೋತಿ), ಶಾಲೆ ಆಟೋ 1,500, ಪೆಟ್ರೋಲ್ 1,500, ಮೊಬೈಲ್ 600, ಔಷಧಿ 500, ಇತರೆ 1,000. ಒಟ್ಟು 18,200. ಉಳಿಯುವುದು 13,300.

ಸಾಲಕ್ಕೆ ತಿಂಗಳಿಗೆ: ಮೈಕ್ರೋಫೈನಾನ್ಸ್ ಎರಡು, 2,400 (8 ಕಂತು ಬಾಕಿ) ಮತ್ತು 2,150 (14 ಕಂತು ಬಾಕಿ). ಪರ್ಸನಲ್ ಲೋನ್ 4,900, ಶೇ 16 ಬಡ್ಡಿ, ಬಾಕಿ ಸುಮಾರು 1,07,000. ಕ್ರೆಡಿಟ್ ಕಾರ್ಡ್ ಬಾಕಿ 58,000, ಕನಿಷ್ಠ ಪಾವತಿ 2,900. ಆರು ತಿಂಗಳ ಹಿಂದೆ ಇದೇ ಕಾರ್ಡಿನ ಬಾಕಿ 33,000 ಇತ್ತು. ಚಿನ್ನದ ಸಾಲ 85,000, ಬಡ್ಡಿ 850. ಕೈಸಾಲ 40,000, ನೂರಕ್ಕೆ ಮೂರು ರೂಪಾಯಿಯಂತೆ 1,200. ಎಲ್ಲ ಸೇರಿ 14,400.

ಅಂದರೆ ಕೊರತೆ 1,100 ಮಾತ್ರ. ಪರ್ಸನಲ್ ಲೋನ್ ಕಂತನ್ನು ಅಷ್ಟು ಇಳಿಸಿದರೆ ಸಾಕು ಎಂದು ಅರ್ಜಿ ಬರೆಯಬಹುದೆ? ಮನೆಯವರು ಮಾತ್ರ ಪ್ರತಿ ತಿಂಗಳೂ ನಾಲ್ಕೈದು ಸಾವಿರ ಕಡಿಮೆ ಬೀಳುತ್ತದೆ ಎನ್ನುತ್ತಾರೆ.

ಖಾತೆಕಿರ್ದಿ:

ಮನೆಯವರು ಹೇಳುತ್ತಿರುವುದೇ ನಿಜ. ಅದಕ್ಕೆ ಸಾಕ್ಷಿ ನೀವೇ ಕೊಟ್ಟಿದ್ದೀರಿ. ಕಾರ್ಡ್ ಬಾಕಿ ಆರು ತಿಂಗಳಲ್ಲಿ 33,000ದಿಂದ 58,000ಕ್ಕೆ ಏರಿದೆ. 25,000ವನ್ನು ಆರರಿಂದ ಭಾಗಿಸಿದರೆ ತಿಂಗಳಿಗೆ 4,166. ಯಾವ ಮನೆಯ ಬಜೆಟ್ ಬರೆದರೂ ಮೊದಲು ಈ ಪರೀಕ್ಷೆ ಮಾಡಿ: ಆರು ತಿಂಗಳ ಹಿಂದೆ ಕಾರ್ಡ್, ಕೈಸಾಲ, ಅಂಗಡಿ ಉದ್ರಿ ಎಷ್ಟಿತ್ತು, ಇವತ್ತು ಎಷ್ಟಿದೆ. ಹಾಳೆಯ ಕೊರತೆ ಈ ಏರಿಕೆಯ ಹತ್ತಿರಕ್ಕೂ ಬರದಿದ್ದರೆ ಹಾಳೆ ತಪ್ಪು.

ಈಗ ಸಾಲು ಸಾಲಾಗಿ ನೋಡೋಣ.

ಗಂಡನ ಆದಾಯಕ್ಕೆ ಸರಾಸರಿ ಹಿಡಿಯಬೇಡಿ. 12,500 ಬಂದ ತಿಂಗಳು ಬ್ಯಾಂಕ್ ಸರಾಸರಿ ಕೇಳುವುದಿಲ್ಲ, ಕಂತು ಕೇಳುತ್ತದೆ. ಕಡಿಮೆ ಬಂದ ಮೂರು ತಿಂಗಳು ತೆಗೆದುಕೊಳ್ಳಿ: 12,500, 16,000, 17,500. ಮೂರರ ಸರಾಸರಿ 15,333, 15,300 ಬರೆಯಿರಿ. ಹೆಚ್ಚು ಬಂದ ತಿಂಗಳ ಹಣ ಕಡಿಮೆ ಬರುವ ತಿಂಗಳಿಗೆ ಮೀಸಲು. ಗೃಹಲಕ್ಷ್ಮಿಯನ್ನು ತಿಂಗಳ ಆದಾಯದಿಂದ ತೆಗೆಯಿರಿ. ಹಣ ತಡವಾಗಿ, ಎರಡು ಮೂರು ಕಂತು ಒಟ್ಟಿಗೆ ಬರುವುದುಂಟು. ಹಾಗೆ ಬರುವ ದುಡ್ಡನ್ನು 5ನೇ ತಾರೀಕಿನ ಕಂತಿಗೆ ನಂಬಿದರೆ ಚೆಕ್ ಬೌನ್ಸ್ ಆದಂತೆ ಕಂತು ಬೌನ್ಸ್ ಆಗುತ್ತದೆ. ಅದನ್ನು ಎಲ್ಲಿ ಹಾಕಬೇಕೆಂದು ಮುಂದೆ ಹೇಳುತ್ತೇನೆ. ನಂಬಬಹುದಾದ ತಿಂಗಳ ಆದಾಯ 15,300 + 11,800 = 27,100.

ಖರ್ಚಿನಲ್ಲಿ ಕೆಲವು ಹೆಚ್ಚಾಗಿವೆ, ಬಹಳಷ್ಟು ಕಡಿಮೆಯಾಗಿವೆ. ಐದು ಜನಕ್ಕೆ ಸಿಲಿಂಡರ್ 40 ದಿನ ಬಂದರೆ ವರ್ಷಕ್ಕೆ ಒಂಬತ್ತು ಚಿಲ್ಲರೆ, 900 ರೂಪಾಯಿಯಂತೆ ತಿಂಗಳಿಗೆ 700 ಸಾಕು. ಮೊಬೈಲ್ ಪ್ಯಾಕ್ 28 ದಿನದ್ದು. ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕು. 300ರ ಎರಡು ಪ್ಯಾಕಿಗೆ ತಿಂಗಳಿಗೆ 650. ನಂದಿನಿ ನೀಲಿ ಪ್ಯಾಕೆಟ್ 2025ರ ಏಪ್ರಿಲ್‌ನಿಂದ ಲೀಟರಿಗೆ 46, ದಿನಕ್ಕೆ ಒಂದು ಲೀಟರ್ ಎಂದರೆ 1,380. ಮೊಸರು ಸೇರಿದರೆ 1,700. ಅನ್ನಭಾಗ್ಯದ ಅಕ್ಕಿ ಬರುತ್ತದೆಂದು ದಿನಸಿಗೆ 5,000 ಹಾಕಿದ್ದೀರಿ. ಆದರೆ ಸಾಂಬಾರ ಪುಡಿ, ಸೋಪಿನಂಥವು ಅಕ್ಕಿಯ ಜೊತೆ ಬರುವುದಿಲ್ಲ. ಕಿರಾಣಿ 3,200, ದಿನಕ್ಕೆ 70ರ ತರಕಾರಿ 2,100, ವಾರಕ್ಕೆ 250ರ ಮೊಟ್ಟೆ-ಮಾಂಸ 1,075: ಒಟ್ಟು 6,400. ಕರೆಂಟ್ ಸೊನ್ನೆ ಬರೆಯಬೇಡಿ. ಗೃಹಜ್ಯೋತಿಯಲ್ಲಿ ಆ ಮೀಟರಿನ 2022-23ರ ಸರಾಸರಿ ಬಳಕೆಗೆ ಸಾಮಾನ್ಯವಾಗಿ ಶೇ 10 ಸೇರಿಸಿದಷ್ಟು ಯೂನಿಟ್ ಮಾತ್ರ ಉಚಿತ. ಅದನ್ನು ಮೀರಿದ್ದಕ್ಕೆ ಹಣ ಕಟ್ಟಬೇಕು, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ನೀರು ಸೇರಿ 350 ಇಡಿ. ಪೆಟ್ರೋಲ್ ಸರಿಯಿದೆ: ದಿನಕ್ಕೆ 25 ಕಿ.ಮೀ., 26 ದಿನ, ಲೀಟರಿಗೆ 45 ಕೊಡುವ ಬೈಕ್ ಎಂದರೆ ಹದಿನಾಲ್ಕೂವರೆ ಲೀಟರ್.

ಔಷಧಿಗೆ 700. ಹೆಂಡತಿಯ ಇಎಸ್‌ಐನಲ್ಲಿ ಅವಲಂಬಿತ ತಾಯಿಯ ಹೆಸರು ಸೇರಿದೆಯೇ ನೋಡಿ. ಸೇರಿದ್ದರೆ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಇಎಸ್‌ಐ ಡಿಸ್ಪೆನ್ಸರಿಯಲ್ಲೇ ಸಿಗುತ್ತದೆ, ಆಗ ಈ ಸಾಲು ಇಳಿಯುತ್ತದೆ.

‘ಇತರೆ 1,000’ ಎಂಬ ಸಾಲನ್ನು ಹೊಡೆದುಹಾಕಿ. ಕೆಲಸದ ಜಾಗದ ಚಹಾ-ತಿಂಡಿ ದಿನಕ್ಕೆ 40ರಂತೆ 26 ದಿನಕ್ಕೇ 1,040. ಬೀಡಿ, ಎಲೆ ಅಡಿಕೆ, ಕುಡಿತ ಇದ್ದರೆ ಅದೂ ಬರಲಿ. ನಾಚಿಕೆಗೆ ಬಿಟ್ಟುಹೋದ ಖರ್ಚು ಖರ್ಚಾಗುವುದು ನಿಲ್ಲುವುದಿಲ್ಲ, ಹಾಳೆಯಿಂದ ಮಾತ್ರ ತಪ್ಪಿಸಿಕೊಳ್ಳುತ್ತದೆ. ಇಬ್ಬರ ಕೈಖರ್ಚು 1,500 ಇಡಿ. ಸಂಘದ ವಾರದ ಉಳಿತಾಯ 50 ಎಂದರೆ ತಿಂಗಳಿಗೆ 220, ಅದನ್ನೂ ಬಿಟ್ಟಿದ್ದೀರಿ.

ಬಾಡಿಗೆ, ಶಾಲೆ ಆಟೋ ಸೇರಿಸಿ ಕೂಡಿದರೆ 21,220. ನಿಮ್ಮ ಹಾಳೆಗಿಂತ 3,020 ಹೆಚ್ಚು.

ಇನ್ನು ಹಾಳೆಯಲ್ಲಿ ಜಾಗವೇ ಇಲ್ಲದ ಖರ್ಚು, ಅಂದರೆ ವರ್ಷಕ್ಕೊಮ್ಮೆ ಬರುವುದು. ಮನೆಯವರನ್ನು ಕೂರಿಸಿಕೊಂಡು ಯುಗಾದಿಯಿಂದ ಶಿವರಾತ್ರಿವರೆಗೆ ತಿಂಗಳು ತಿಂಗಳು ಕೇಳಿ. ‘ವರ್ಷಕ್ಕೆ ಎಷ್ಟು’ ಎಂದು ಕೇಳಿದರೆ ಯಾರಿಗೂ ಹೊಳೆಯುವುದಿಲ್ಲ. ‘ಜೂನ್‌ನಲ್ಲಿ ಏನೇನು ತಂದಿರಿ’ ಎಂದರೆ ಬ್ಯಾಗು, ಶೂ ಸಮೇತ ನೆನಪಾಗುತ್ತದೆ. ಇಂಥ ಮನೆಗೆ ನಾನು ಹಾಕುವ ಅಂದಾಜು: ಇಬ್ಬರು ಮಕ್ಕಳ ಫೀಸು, ಪುಸ್ತಕ, ಸಮವಸ್ತ್ರ 14,000. ಯುಗಾದಿ, ಗೌರಿ-ಗಣೇಶ, ದೀಪಾವಳಿ 9,000. ಊರಿನ ಜಾತ್ರೆ, ಪ್ರಯಾಣ 3,000. ಮದುವೆ, ಗೃಹಪ್ರವೇಶದ ಮುಯ್ಯಿ 4,000. ಬೈಕಿನ ವಿಮೆ, ಸರ್ವಿಸ್, ಟೈರು 5,200. ಜೀವನ ಜ್ಯೋತಿ ಬಿಮಾ 436 ಮತ್ತು ಸುರಕ್ಷಾ ಬಿಮಾ 20, ಇಬ್ಬರಿಗೆ 912. ಇದು ಮೇ ಕೊನೆಯ ವಾರದಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಬಟ್ಟೆ-ಚಪ್ಪಲಿ 4,000. ರಕ್ತ ಪರೀಕ್ಷೆ, ಕನ್ನಡಕ, ಹಲ್ಲು 3,600. ಮಿಕ್ಸಿ ರಿಪೇರಿಯಂಥದು 2,400. ಒಟ್ಟು 46,112.

ಗೃಹಲಕ್ಷ್ಮಿ ಹೋಗಬೇಕಾದ್ದು ಇಲ್ಲಿಗೆ. ವರ್ಷದ ಖರ್ಚಿಗೆ ಇಟ್ಟ ಹಣ ಒಂದು ತಿಂಗಳು ತಡವಾದರೆ ಕಂತು ತಪ್ಪುವುದಿಲ್ಲ. ಹತ್ತು ತಿಂಗಳದ್ದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ, 20,000. ಉಳಿದ 26,112ಕ್ಕೆ ತಿಂಗಳಿಗೆ 2,200 ಬೇರೆ ಖಾತೆಗೆ ಹಾಕಬೇಕು. ದೀಪಾವಳಿಯ ಬೋನಸ್‌ ಅನ್ನು ಇದರಲ್ಲಿ ಬೆರೆಸಬೇಡಿ, ಅದು ಕಾಯಿಲೆ ಬಿದ್ದ ದಿನಕ್ಕೆ.

21,220 + 2,200 = 23,420. ಆದಾಯ 27,100ರಲ್ಲಿ ಕಳೆದರೆ 3,680. ಏರುಪೇರಿಗೆ 500 ತೆಗೆದಿಟ್ಟರೆ ಸಾಲಕ್ಕೆ ಕೊಡಲು ಸಾಧ್ಯವಿರುವುದು 3,200 ಆಸುಪಾಸು. ಬೇಕಿರುವುದು 14,400. ಕೊರತೆ 1,100 ಅಲ್ಲ, 11,200. ಕಾರ್ಡಿನ ಏರಿಕೆಗಿಂತಲೂ ಇದು ಹೆಚ್ಚು, ಏಕೆಂದರೆ ಇಲ್ಲಿ ಆದಾಯ ತಗ್ಗಿಸಿ ಹಿಡಿದು, ಗೃಹಲಕ್ಷ್ಮಿ ಬೇರೆ ಇಟ್ಟು, ವರ್ಷದ ಖರ್ಚಿಗೂ ಏರುಪೇರಿಗೂ ಹಣ ತೆಗೆದಿಟ್ಟಿದ್ದೇವೆ.

ಈ ಅಂಕಿ ನೋಡಿ ಮನೆಯವರಿಗೆ ಎದೆ ಧಸಕ್ಕೆನ್ನಬಹುದು. ಆದರೂ ಇದನ್ನೇ ಬರೆಯಿರಿ. 1,100 ಇಳಿಸಿಕೊಂಡು ಬಂದರೆ ಎರಡನೇ ತಿಂಗಳೇ ಮುರಿಯುತ್ತದೆ, ಮತ್ತೆ ಕೇಳಲು ಹೋದಾಗ ಬ್ಯಾಂಕಿನವರು ಹಾಳೆ ತೆರೆದೂ ನೋಡುವುದಿಲ್ಲ.

ಸಂಘದ_ಲೆಕ್ಕಪತ್ರ:

ಒಪ್ಪಿದೆ. ಆದರೆ 3,200 ಇಟ್ಟುಕೊಂಡು ಸಾಲ ಕೊಟ್ಟ ಆರು ಕಡೆಯವರ ಮುಂದೆ ಹೇಗೆ ನಿಲ್ಲುವುದು? ಎಲ್ಲರಿಗೂ ಸ್ವಲ್ಪ ಸ್ವಲ್ಪ ಹಂಚಬೇಕೆ?

ಅಸಲು_ಬಡ್ಡಿ:

ಹಂಚಬೇಡಿ. ಅರ್ಧ ಕಂತು ಕಟ್ಟಿದರೂ ಬಾಕಿದಾರರೇ ಆಗುತ್ತಾರೆ, ಆರೂ ಕಡೆ.

ಈ ಮನೆಯಲ್ಲಿ ದಾರಿ ಇರುವುದು ಅಡವಿಟ್ಟ ಚಿನ್ನದಲ್ಲಿ. 85,000ಕ್ಕೆ ಎಷ್ಟು ಗ್ರಾಂ ಇಟ್ಟಿದ್ದಾರೆಂದು ಚೀಟಿ ನೋಡಿ. ಬೆಲೆ ಏರುವ ಮೊದಲು ಇಟ್ಟದ್ದಾದರೆ ನಿವ್ವಳ 21 ಗ್ರಾಂ ಇರಬಹುದು. 22 ಕ್ಯಾರೆಟ್‌ಗೆ ಗ್ರಾಂಗೆ 9,000 ಎಂದು ತಗ್ಗಿಸಿ ಹಿಡಿದರೂ 1,89,000. ಸಾಲ, ಮೂರು ತಿಂಗಳ ಬಡ್ಡಿ, ಕೊಳ್ಳುವವರ ಕಡಿತ ಕಳೆದು 98,000 ಕೈಗೆ ಬರುತ್ತದೆ. ಇದೇ ಚಿನ್ನದ ಮೇಲೆ ಟಾಪ್-ಅಪ್ (ಹೆಚ್ಚುವರಿ) ಸಾಲ ಎತ್ತಿ ಕಾರ್ಡು ತೀರಿಸುವ ಸಲಹೆ ಖಂಡಿತ ಬರುತ್ತದೆ. ಒಪ್ಪಬೇಡಿ. ಸಾಲ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋಗುತ್ತದೆ, ಚಿನ್ನವೂ ಹರಾಜಿನ ಅಂಚಿಗೆ ಬರುತ್ತದೆ.

98,000 ಬಂದರೆ ಯಾವುದನ್ನು ಮೊದಲು ತೀರಿಸಬೇಕು? ಹೆಚ್ಚು ಬಡ್ಡಿಯದನ್ನು ಎನ್ನುವುದು ರೂಢಿಯ ಉತ್ತರ. ಹಾಗೆ ಹೋದರೆ ಕಾರ್ಡ್ 58,000, ಕೈಸಾಲ 40,000, ಹಣ ಮುಗಿಯಿತು. ಮೈಕ್ರೋಫೈನಾನ್ಸ್ ಮತ್ತು ಪರ್ಸನಲ್ ಲೋನ್ ಸೇರಿ 9,450ರ ಕಂತು ಹಾಗೇ ನಿಂತಿರುತ್ತದೆ, ಕೈಯಲ್ಲಿ 3,200. ಇಂಥ ಇಕ್ಕಟ್ಟಿನಲ್ಲಿ ನೋಡಬೇಕಾದ್ದು ಒಂದು ರೂಪಾಯಿ ಹಾಕಿದರೆ ತಿಂಗಳ ಕಂತು ಎಷ್ಟು ಇಳಿಯುತ್ತದೆ ಎಂಬುದನ್ನು. 8 ಕಂತು ಬಾಕಿಯಿರುವ ಮೈಕ್ರೋಫೈನಾನ್ಸ್ ಸಾಲಕ್ಕೆ ಶೇ 24 ಬಡ್ಡಿ ಎಂದು ಹಿಡಿದರೆ ಇವತ್ತಿನ ಅಸಲು 17,600. ಅಷ್ಟಕ್ಕೆ ತಿಂಗಳಿಗೆ 2,400 ಹಗುರ. ಎರಡನೆಯದಕ್ಕೆ 26,000, 2,150 ಹಗುರ. ಕೈಸಾಲ 40,000ಕ್ಕೆ 1,200. ಮೂರೂ ತೀರಿದರೆ 83,600 ಖರ್ಚು. ಚಿನ್ನದ ಬಡ್ಡಿ 850 ಸೇರಿ 6,600 ಇಳಿಯಿತು, ಕೈಯಲ್ಲಿ 14,400 ಉಳಿಯಿತು. ಮೈಕ್ರೋಫೈನಾನ್ಸ್ ಸಾಲ ಮುಂಚಿತವಾಗಿ ತೀರಿಸಲು ದಂಡ ಇಲ್ಲ, ಇದು 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮ. ಅಲ್ಲಿ ಅವಧಿ ಹಿಗ್ಗಿಸುವುದು ಕಷ್ಟ. ಕಾರ್ಡ್ ಮತ್ತು ಪರ್ಸನಲ್ ಲೋನಿನಲ್ಲಿ ಹಿಗ್ಗಿಸಲು ಜಾಗವಿದೆ. ಕ್ರಮ ತಿರುಗಿಸಲು ಕಾರಣ ಇಷ್ಟೇ.

ಕಾರ್ಡಿನಲ್ಲಿ ಈಗ ಏನಾಗುತ್ತಿದೆ ನೋಡಿ. ತಿಂಗಳಿಗೆ ಶೇ 3.5ರಂತೆ 58,000ಕ್ಕೆ ಬಡ್ಡಿ 2,030. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ 365. ಕಟ್ಟುವ 2,900ರಲ್ಲಿ ಅಸಲಿಗೆ ಸಲ್ಲುವುದು 505. ಅದೇ ತಿಂಗಳು ಕಿರಾಣಿಗೆ ಒಮ್ಮೆ ಕಾರ್ಡು ಉಜ್ಜಿದರೆ ಆ 505 ಕೂಡ ಹೋಯಿತು. ಕೈಯಲ್ಲಿ ಉಳಿದ 14,400ರಲ್ಲಿ 14,000 ಇದಕ್ಕೆ ಕಟ್ಟಿ, ಬಾಕಿ 44,000ವನ್ನು 36 ತಿಂಗಳ ಕಂತಾಗಿ ಮಾರ್ಪಡಿಸಲು ಲಿಖಿತವಾಗಿ ಕೇಳಿ. ಶೇ 18ಕ್ಕೆ ಸಿಕ್ಕರೆ ಕಂತು 1,590, ಬಡ್ಡಿಯ ಮೇಲಿನ ಜಿಎಸ್‌ಟಿ ಬೇರೆ. ಕಾರ್ಡ್ ಬಳಕೆ ಅದೇ ದಿನ ನಿಲ್ಲಿಸಬೇಕು.

ಪರ್ಸನಲ್ ಲೋನಿನ 1,07,000ವನ್ನು 60 ತಿಂಗಳಿಗೆ ಹಿಗ್ಗಿಸಿದರೆ ಅದೇ ಶೇ 16ಕ್ಕೆ 2,600. ಎರಡೂ ಸೇರಿ 4,190. ಸಾಮರ್ಥ್ಯ 3,200. ಇನ್ನು ಸಾವಿರ ರೂಪಾಯಿ ಮನೆಖರ್ಚಿನಿಂದ ಬರಬೇಕು. ಹಬ್ಬ 9,000ದಿಂದ 6,000ಕ್ಕೆ, ಮುಯ್ಯಿ 4,000ದಿಂದ 2,500ಕ್ಕೆ ಇಳಿದರೆ ತಿಂಗಳಿಗೆ 375. ಕೈಖರ್ಚು ಮತ್ತು ಬಾಡೂಟದಿಂದ 625. ಊಟದ ಉಳಿದ ಸಾಲು, ಔಷಧಿ, ಶಾಲೆ ಮುಟ್ಟಬೇಡಿ. ಅವಧಿ ಹಿಗ್ಗಿದಷ್ಟೂ ಒಟ್ಟು ಬಡ್ಡಿ ಹೆಚ್ಚುತ್ತದೆ. ಅದನ್ನು ಮನೆಯವರಿಗೆ ಮೊದಲೇ ಹೇಳಿ, ಬೋನಸ್ ಅಥವಾ ಓವರ್‌ಟೈಮ್ ಹಣ ಬಂದಾಗ ಅಸಲಿಗೆ ಕಟ್ಟಲು ಅವಕಾಶ ಇದೆಯೇ ಎಂದು ಸಾಲದ ಪತ್ರದಲ್ಲಿ ನೋಡಿಕೊಳ್ಳಿ.

ತಾಲ್ಲೂಕು_ಕಟ್ಟೆ:

ಚಿನ್ನದ ಬಗ್ಗೆ ಎರಡು ಮಾತು. ಮಾರುವುದು ಹೆಂಡತಿಯ ಒಡವೆ. ತೀರ್ಮಾನ ಅವರದೇ ಆಗಬೇಕು, ಗಂಡನ ಸಹಿ ಸಾಲದು. ತಾಳಿಯನ್ನು ಈ ಲೆಕ್ಕಕ್ಕೆ ತರುವುದೇ ಬೇಡ. ಅಡವಿನಲ್ಲಿ ಎರಡು ಮೂರು ಒಡವೆ ಇದ್ದರೆ ಭಾಗಶಃ ಹಣ ಕಟ್ಟಿ ಒಂದನ್ನು ಬಿಡಿಸಿಕೊಡುತ್ತಾರೆಯೇ ಎಂದು ಮೊದಲು ವಿಚಾರಿಸಿ. ಅಡವು ಬಿಡಿಸಿ ಕೊಳ್ಳುವವರ ಬಳಿ ಹೋಗುವುದಾದರೆ ಗ್ರಾಂ ದರ ಮಾತ್ರ ಕೇಳಿ ಬರಬೇಡಿ. ಕಲ್ಲು, ಅರಗಿನ ತೂಕ, ಕರಗಿಸುವ ಕಡಿತ, ಸೇವಾ ಶುಲ್ಕ ಎಲ್ಲ ಕಳೆದು ಕೈಗೆ ಎಷ್ಟು ಎಂದು ಬರೆಸಿಕೊಳ್ಳಿ, ಎರಡು ಮೂರು ಕಡೆ.

ಬ್ಯಾಂಕಿಗೆ ಹೋಗುವ ಮೊದಲು ಗಂಡ-ಹೆಂಡತಿ ಇಬ್ಬರ ಕ್ರೆಡಿಟ್ ವರದಿ (ಅವರ ಹೆಸರಿನ ಸಾಲ, ಪಾವತಿಗಳ ದಾಖಲೆ) ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಈ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಕೊಡಬೇಕು. ಒಬ್ಬರಿಗೊಬ್ಬರು ಹೇಳದ ಸಾಲ ಹೊರಬರುವುದು ಇಲ್ಲೇ. ಬ್ಯಾಂಕಿನ ಅಧಿಕಾರಿ ಅದೇ ವರದಿಯನ್ನು ಪರದೆಯಲ್ಲಿ ನೋಡುತ್ತಿರುತ್ತಾರೆ, ನಿಮ್ಮ ಹಾಳೆಯಲ್ಲಿ ಒಂದು ಸಾಲ ಬಿಟ್ಟುಹೋದರೂ ಉಳಿದ ಅಂಕಿಗಳ ಮೇಲಿನ ನಂಬಿಕೆ ಹೋಗುತ್ತದೆ.

ಆದಾಯದ ಸಾಲಿನಲ್ಲೂ ಒಂದು ಮುಳ್ಳಿದೆ. 27,100ರಂತೆ ವರ್ಷಕ್ಕೆ 3,25,200. ಮೈಕ್ರೋಫೈನಾನ್ಸ್ ಸಾಲಕ್ಕೆ ಮನೆಯ ವಾರ್ಷಿಕ ಆದಾಯದ ಮಿತಿ 3,00,000. ಸಾಲ ಕೊಡುವಾಗ ಅರ್ಜಿಯಲ್ಲಿ ಏನು ಬರೆದಿದ್ದರು ಎಂದು ಸಾಲದ ಕಾರ್ಡಿನ ಜೊತೆ ನೋಡಿಕೊಳ್ಳಿ. ಹೆಂಡತಿ ಆಮೇಲೆ ಕೆಲಸಕ್ಕೆ ಸೇರಿದ್ದರೆ ಹಾಗೆಂದು ಬರೆಯಿರಿ. ಹಳೆಯ ಅರ್ಜಿಗೆ ಹೊಂದಿಸಲು ಇವತ್ತಿನ ಆದಾಯ ತಗ್ಗಿಸಬೇಡಿ. ಸಂಬಳದ ಚೀಟಿ ಎಲ್ಲವನ್ನೂ ಹೇಳುತ್ತದೆ.

ಅರ್ಜಿ ಒಂದೇ ಪುಟ ಇರಲಿ: ಆದಾಯ, ಖರ್ಚು, ಸಾಲದ ಪಟ್ಟಿ, ನಾವು ಕಟ್ಟಬಲ್ಲದ್ದು ಇಷ್ಟು, ಎಷ್ಟು ತಿಂಗಳು. ಜೊತೆಗೆ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳ ಚೀಟಿ, ಬಾಡಿಗೆ ಕರಾರು. ಎರಡನೇ ಪ್ರತಿಗೆ ಸೀಲು ಹಾಕಿಸಿ. ಕಂತು ತಪ್ಪಿ 90 ದಿನ ದಾಟಿದರೆ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುತ್ತದೆ, ಅದಕ್ಕೆ ಮೊದಲೇ ಹೋಗಬೇಕು. ಮರುಹೊಂದಾಣಿಕೆ (ಕಂತು, ಅವಧಿ ಬದಲಿಸಿಕೊಡುವುದು) ನಮ್ಮ ಹಕ್ಕಲ್ಲ, ಆ ಬ್ಯಾಂಕಿನ ನೀತಿಗೆ ಬಿಟ್ಟದ್ದು. ಆದರೆ ದೂರಿಗೆ 30 ದಿನ ಉತ್ತರ ಬರದಿದ್ದರೆ ಅಥವಾ ಸಮಾಧಾನವಾಗದಿದ್ದರೆ ರಿಸರ್ವ್ ಬ್ಯಾಂಕಿನಲ್ಲಿ ಗ್ರಾಹಕರ ದೂರು ಕೇಳುವ ಒಂಬುಡ್ಸ್‌ಮನ್‌ಗೆ ಹೋಗಬಹುದು, ವಿಚಾರಣೆಗೆ 14448. ಕ್ರೆಡಿಟ್ ಕಾರ್ಡ್ ಬಿಟ್ಟು ಉಳಿದ ಸಾಲಗಳಿಗೆ 2024ರ ಏಪ್ರಿಲ್ 1ರಿಂದ ದಂಡಬಡ್ಡಿ ಹಾಕುವಂತಿಲ್ಲ, ದಂಡಶುಲ್ಕ ಮಾತ್ರ. ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಬಡ್ಡಿ ಬೆಳೆಸುವಂತಿಲ್ಲ. ಸ್ಟೇಟ್‌ಮೆಂಟಿನಲ್ಲಿ ಆ ಸಾಲನ್ನು ಹುಡುಕಿ ನೋಡಿ.

‘ಸೆಟಲ್‌ಮೆಂಟ್’ ಎಂಬ ಮಾತು ಬಂದರೆ ತಡೆಯಿರಿ. ಕಡಿಮೆ ಹಣಕ್ಕೆ ಖಾತೆ ಮುಗಿಸಿದರೆ ಕ್ರೆಡಿಟ್ ವರದಿಯಲ್ಲಿ ಹಾಗೆಯೇ ನಮೂದಾಗಿ ಮುಂದೆ ಸಾಲ ಸಿಗುವುದು ಕಷ್ಟವಾಗುತ್ತದೆ. ಸಂಬಳ ಬರುತ್ತಿರುವ ಈ ಮನೆಗೆ ಅವಧಿ ಹಿಗ್ಗಿಸುವುದೇ ಮೇಲು. ಮುಂಗಡ ಶುಲ್ಕ ಕೊಟ್ಟರೆ ಸಾಲ ಅರ್ಧ ಮಾಡಿಸುತ್ತೇವೆ ಎನ್ನುವ ಮಧ್ಯವರ್ತಿಗಳಿಗೆ ಒಂದು ರೂಪಾಯಿಯೂ ಬೇಡ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವಿದೆ, ಸಹಾಯವಾಣಿ 15100. ಪ್ರಕರಣ ಹೂಡುವ ಮುನ್ನವೇ ಲೋಕ ಅದಾಲತ್‌ಗೆ ತರಬಹುದು. ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ, ಆದ್ದರಿಂದ 4,190ಕ್ಕಿಂತ ಹೆಚ್ಚಿನ ಕಂತಿಗೆ ಅವಸರದಲ್ಲಿ ಸಹಿ ಬೀಳಬಾರದು.

ವಸೂಲಿಗೆ ಬರುವವರ ವಿಷಯ: ಮೈಕ್ರೋಫೈನಾನ್ಸ್‌ನವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಕರೆ ಮಾಡುವಂತಿಲ್ಲ. ಬೆದರಿಕೆ, ಮನೆಮುಂದೆ ಕೂರುವುದು ನಡೆದರೆ 2025ರ ಕರ್ನಾಟಕದ ಕಿರುಸಾಲ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗೆ ಅದು ಅನ್ವಯಿಸುತ್ತದೆಯೇ ಎಂದು ವಿಚಾರಿಸಿ. ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಕಾನೂನು ಬಂದಿದೆ, ಸಾಲವೇ ಮನ್ನಾ ಆಯಿತು ಎಂದು ಯಾರಾದರೂ ಹೇಳಿದರೆ ನಂಬಿ ಕಂತು ನಿಲ್ಲಿಸಬೇಡಿ.

ಸಂಘದ_ಲೆಕ್ಕಪತ್ರ:

ಎರಡು ಸಂದೇಹ ಉಳಿದಿವೆ. ಪರ್ಸನಲ್ ಲೋನ್ ಕಂತು 5ನೇ ತಾರೀಕು, ಗಾರ್ಮೆಂಟ್ಸ್ ಸಂಬಳ ಬರುವುದು 7ಕ್ಕೆ. ಇನ್ನೊಂದು, ಹಾಳೆಯಲ್ಲಿ ಮುಯ್ಯಿ ಎಂದು ಬರೆದರೆ ಬ್ಯಾಂಕಿನವರು ಅದನ್ನೇ ಮೊದಲು ಹೊಡೆದುಹಾಕುತ್ತಾರೆ.

ಖಾತೆಕಿರ್ದಿ:

ತಾರೀಕಿನದು ಸಣ್ಣ ವಿಷಯವಲ್ಲ. ನ್ಯಾಚ್ (ಖಾತೆಯಿಂದ ತಾನಾಗಿ ಆಗುವ ಕಂತಿನ ಕಡಿತ) ಒಮ್ಮೆ ವಾಪಸ್ಸಾದರೆ 500 ಶುಲ್ಕಕ್ಕೆ ಜಿಎಸ್‌ಟಿ ಸೇರಿ 590. ಖಾತೆಯಿರುವ ಬ್ಯಾಂಕು, ಸಾಲ ಕೊಟ್ಟವರು ಇಬ್ಬರೂ ಹಾಕಿದರೆ ತಿಂಗಳಿಗೆ 1,180. ನೀವು ಕಷ್ಟಪಟ್ಟು ಹುಡುಕಿದ ಸಾವಿರ ಅಲ್ಲೇ ಹೋಗುತ್ತದೆ. ಮರುಹೊಂದಾಣಿಕೆ ಅರ್ಜಿಯಲ್ಲೇ ‘ಕಂತಿನ ದಿನಾಂಕ 12ಕ್ಕೆ ಬದಲಿಸಿ’ ಎಂದು ಒಂದು ಸಾಲು ಸೇರಿಸಿ. ಹಾಗೆಯೇ ಸಂಬಳದ ಖಾತೆ ಮತ್ತು ಕಾರ್ಡು ಒಂದೇ ಬ್ಯಾಂಕಿನವೇ ನೋಡಿ. ಒಂದೇ ಆದರೆ ಬಾಕಿಗೆ ಖಾತೆಯ ಹಣ ಹಿಡಿಯುವ ಅಧಿಕಾರ ಕರಾರಿನಲ್ಲಿ ಇರಬಹುದು, ಸಂಬಳವನ್ನು ಬೇರೆ ಬ್ಯಾಂಕಿಗೆ ತರಿಸಿಕೊಳ್ಳುವುದು ಕ್ಷೇಮ.

ಮುಯ್ಯಿ ಎಂದು ಒಂದೇ ಪದ ಬರೆದರೆ ಹೊಡೆಯುತ್ತಾರೆ. ಬಿಡಿಸಿ ಬರೆಯಿರಿ: ಮೇ, ಅಕ್ಕನ ಮಗಳ ಮದುವೆ, 1,500; ಮಾಘ ಮಾಸ, ಹತ್ತಿರದವರ ಎರಡು ಮದುವೆ, ತಲಾ 500. ಇವರ ಮನೆಯ ಶುಭಕಾರ್ಯಕ್ಕೆ ಬಂದ ಮುಯ್ಯಿಯ ಪುಸ್ತಕ ಇದ್ದರೆ ಅದನ್ನು ನೋಡಿ, ಯಾರದು ತಿರುಗಿಸುವುದು ಬಾಕಿಯಿದೆ ಎಂದು ಗುರುತು ಹಾಕಿಕೊಳ್ಳಿ. ಬಾಕಿ ಇರುವವರ ಹೆಸರಿಗೆ ಮಾತ್ರ ಹಣ ಇಡಿ, ಉಳಿದ ಕಡೆ ಹೋಗಿ ಅಕ್ಷತೆ ಹಾಕಿ ಬಂದರೆ ಆಯಿತು.